ಮಾಗಿ ಮುಗಿಯಿತೆಂದು ಕಂಬಳಿ ಒಗೆದದ್ದು

ಇವತ್ತು ಹಾಲು ಕಾಯಿಸಿದೆ, ಸೊಪ್ಪು ಬಿಡಿಸಿದೆ, ದೇವರ ಪಾತ್ರೆ ತಿಕ್ಕಿದೆ. ಹೋದ ವಾರದ ಸೆಕೆಗೆ ಹೆದರಿ ಒರೆಸಿಟ್ಟಿದ್ದ ಫ್ಯಾನು ಬೇಡವೆನಿಸಿ ಮತ್ತೆ ಕಿಟಕಿ ಮುಚ್ಚಿದೆ. ರಾತ್ರಿ ಹೆಪ್ಪು ಹಾಕಿದ್ದ ಹಾಲು ಚಳಿಗೆ ಮೊಸರಾಗದೆ ಹಾಗೇ ಕೂತಿತ್ತು, ಅದನ್ನು ಒಲೆಯ ಪಕ್ಕಕ್ಕೆ ಸರಿಸಿದೆ. ಕೊನೆಗೆ ಉಣ್ಣೆಯ ಶಾಲೊಂದನ್ನು ಬಕೆಟ್ಟಿನಲ್ಲಿ ನೆನೆಹಾಕಿದೆ. ಹಿಂಡಲು ಬಗ್ಗಿದಾಗ ಒದ್ದೆ ಉಣ್ಣೆಯ ವಾಸನೆ ಮುಖಕ್ಕೆ ಬಡಿಯಿತು. ಕುರಿಯ ಮೈಯದೋ ಮಣ್ಣಿನದೋ ಹೇಳಲಾಗದ, ಸ್ವಲ್ಪ ಕಮಟು, ಸ್ವಲ್ಪ ಬೆಚ್ಚನೆಯ ವಾಸನೆ ಅದು. ಹಾಸನದ ಈ ಬಾಡಿಗೆ ಮನೆಯ ಬಚ್ಚಲಲ್ಲಿ ನಿಂತವಳು ನಲವತ್ತು ವರ್ಷಕ್ಕೂ ಹಿಂದೆ, ಹಳೇಬೀಡಿನ ನಮ್ಮ ಮನೆಯ ಹಿತ್ತಿಲಿಗೆ ಹೋಗಿಬಿಟ್ಟೆ.

ಬಸದಿಗೆ ಹೋಗುವ ದಾರಿಯಲ್ಲಿ ಎಡಕ್ಕಿದ್ದ ಹೆಂಚಿನ ಮನೆ ನಮ್ಮದು. ಅಪ್ಪ ಕಣಕಟ್ಟೆ ಕಡೆಯ ತೋಟಗಳಲ್ಲಿ ಕೊಬ್ಬರಿ ಕೊಂಡು ಅರಸೀಕೆರೆಯ ಮಂಡಿಗೆ ಹಾಕುತ್ತಿದ್ದರು. ವಾರದಲ್ಲಿ ಮೂರು ದಿನ ಬಸ್ಸಿನಲ್ಲೋ ಮಂಡಿಯಲ್ಲೋ ಇರುತ್ತಿದ್ದರಾದ್ದರಿಂದ ಮನೆ ಹೆಂಗಸರದೇ. ಅಜ್ಜಿ, ಅಂದರೆ ಅಪ್ಪನ ತಾಯಿ, ನಡುಮನೆಯ ಕಿಟಕಿಯ ಬಳಿ ಹಾಸಿಗೆ ಹಾಕಿಸಿಕೊಂಡಿದ್ದಳು. ಅವಳಿಗೆ ಉಬ್ಬಸ. ಚಳಿ ತಗುಲಿದರೆ ಎದೆಯೊಳಗೆ ಬೆಕ್ಕು ಗುರುಗುಟ್ಟಿದಂತೆ ಸದ್ದು ಬರುತ್ತಿತ್ತು. ಜೈನರ ಮನೆಗಳಲ್ಲಿ ಹೊತ್ತು ಮುಳುಗುವ ಮುಂಚೆ ಉಣ್ಣುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅಜ್ಜಿಯ ನಿಯಮ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಇತ್ತು. ಸೂರ್ಯ ಮುಳುಗಿದ ಮೇಲೆ ನೀರಿಲ್ಲ, ಔಷಧಿಯೂ ಇಲ್ಲ. ಮರುದಿನ ಸೂರ್ಯ ಕಾಣಿಸಿದ ಮೇಲೇ ಬಾಯಿಗೆ ಏನಾದರೂ. ಗಡಿಯಾರ ನೋಡಿ ಹೇಳಿದರೆ ಒಪ್ಪುತ್ತಿರಲಿಲ್ಲ, ಗಡಿಯಾರ ಮನುಷ್ಯರು ಮಾಡಿದ್ದು ಎನ್ನುತ್ತಿದ್ದಳು.

ಮನೆಯ ಬೀಗದಕೈ ಗೊಂಚಲು ಇದ್ದದ್ದು ಚಂದ್ರತ್ತೆಯ ಸೊಂಟದಲ್ಲಿ. ಅಪ್ಪನ ಅಕ್ಕ, ಮದುವೆಯಾದ ಮೂರೇ ವರ್ಷಕ್ಕೆ ಗಂಡ ತೀರಿಕೊಂಡು ತವರಿಗೆ ಬಂದವಳು. ಉಪ್ಪಿನಕಾಯಿ ಯಾವತ್ತು ಹಾಕಬೇಕು, ಸಂಡಿಗೆ ಯಾವತ್ತು ಇಡಬೇಕು, ಅಟ್ಟದ ಕೊಬ್ಬರಿ ಯಾವತ್ತು ತಿರುಗಿಸಬೇಕು, ಎಲ್ಲಕ್ಕೂ ಅವಳದೇ ಮಾತು. ರಾತ್ರಿ ಬಾಗಿಲ ಅಗಳಿ ಹಾಕಿ ದೀಪ ತಗ್ಗಿಸಿ ಕೊನೆಗೆ ಮಲಗುವವಳೂ ಅವಳೇ. ಅವಳು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ, ಕಂಡಿದ್ದರೂ ಹೇಳಿರಲಿಲ್ಲ.

ಚಳಿಗಾಲ ಮುಗಿದ ಮೇಲೆ ಕಂಬಳಿಗಳನ್ನು ಒಗೆದು, ಬೇವಿನ ಸೊಪ್ಪು ಮಡಿಕೆಯೊಳಗಿಟ್ಟು ಅಟ್ಟಕ್ಕೇರಿಸುವುದು ಎಲ್ಲ ಮನೆಯಲ್ಲೂ ಇದ್ದ ಕೆಲಸ. ನಮ್ಮಲ್ಲಿ ಅದಕ್ಕೊಂದು ಅವಸರವೂ ಸೇರಿತ್ತು. ಸೆಕೆ ಹತ್ತುವ ಮುಂಚೆಯೇ ಒಗೆದುಬಿಡಬೇಕು. ತಡವಾದರೆ ಹಾಸಿಗೆ ಕಂಬಳಿಗಳ ಎಳೆಯಲ್ಲಿ ತಿಗಣೆ ಮರಿಮಾಡುತ್ತದೆ. ಆಮೇಲೆ ಒಗೆದರೆ ಅಷ್ಟೂ ಜೀವಗಳ ಹತ್ಯೆ. ಅಜ್ಜಿ ಇದನ್ನು ಗಟ್ಟಿಯಾಗಿ ನಂಬಿದ್ದಳು, ಅತ್ತೆ ಅಜ್ಜಿಗಿಂತ ಗಟ್ಟಿಯಾಗಿ.

ಆ ವರ್ಷ ಸಂಕ್ರಾಂತಿ ಕಳೆದು ಹದಿನೈದು ದಿನವಾಗಿರಲಿಲ್ಲ, ಬಿಸಿಲು ಇದ್ದಕ್ಕಿದ್ದ ಹಾಗೆ ಬೇಸಿಗೆಯದಾಯಿತು. ಮಧ್ಯಾಹ್ನ ಹೆಂಚು ಕಾದು ಚಟಚಟ ಅನ್ನುತ್ತಿತ್ತು. ಕೆರೆಯ ಕಡೆಯಿಂದ ಬೀಸುತ್ತಿದ್ದ ಗಾಳಿಯೂ ಬೆಚ್ಚಗೆ. ಸಂಜೆಯ ದೀಪಕ್ಕೆ ಪುಟ್ಟ ಹುಳುಗಳು ಬರತೊಡಗಿದವು. ನಾವು ಕಂಬಳಿ ಒದ್ದು ಮಲಗುತ್ತಿದ್ದೆವು. ಐದನೆಯ ದಿನ ಅತ್ತೆ ಅಜ್ಜಿಯ ಕಂಬಳಿಯ ಅಂಚು ಎತ್ತಿ ಬೆಳಕಿಗೆ ಹಿಡಿದು ನೋಡಿ, ನಾಳೆಯೇ ಒಗೆಯುವುದು ಎಂದಳು.

ಅಮ್ಮನ ತವರು ಅರೇಹಳ್ಳಿಯ ಕಡೆ, ಚಳಿಯ ಆಟ ಬಲ್ಲ ಸೀಮೆ. ಅವಳು ಅತ್ತೆಗೆ ಎದುರಾಡುವವಳಲ್ಲ. ಆದರೂ ಅವತ್ತು ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟು ಹೇಳಿದಳು: "ಶಿವರಾತ್ರಿ ಕಳೀಲಿ ಅತ್ತಿಗೆ. ಇನ್ನೊಂದು ಸಲ ಬರತ್ತೆ ಚಳಿ. ಅಮ್ಮನಿಗೆ ಉಬ್ಬಸ, ಅವರ ಕಂಬಳಿಯೊಂದಾದ್ರೂ ಬಿಡಿ."

"ಅದೇ ಎಲ್ಲಕ್ಕಿಂತ ಹಳೇದು. ತಿಗಣೆ ಮೊದಲು ಸೇರೋದೇ ಅದಕ್ಕೆ," ಎಂದಳು ಅತ್ತೆ. "ಆಮೇಲೆ ಬಿಸಿನೀರು ಹೊಯ್ದು ಜೀವ ತೆಗೆಯೋ ಪಾಪ ನೀನು ಹೊತ್ಕೋತೀಯೇನೇ ಪದ್ಮಾ?"

ಅಮ್ಮ ಮೊರ ಎತ್ತಿಕೊಂಡಳು.

ಮರುದಿನ ಬಾವಿಕಟ್ಟೆಯಲ್ಲಿ ಹಬ್ಬದಂತೆ ಗಲಾಟೆ. ನೀರು ಸೇದುವುದು, ಬಿಳಿ ಬಟ್ಟೆಯಲ್ಲಿ ಸೋಸುವುದು, ಸೋಸಿದ ಬಟ್ಟೆಯನ್ನು ಅಲುಬಿ ಆ ನೀರನ್ನು ಕೊಡದಲ್ಲಿ ಮೆಲ್ಲಗೆ ಬಾವಿಗೇ ಇಳಿಸುವುದು. ಅದರಲ್ಲಿದ್ದ ಕಣ್ಣಿಗೆ ಕಾಣದ ಜೀವಗಳು ತಮ್ಮ ಮನೆಗೆ ಹೋಗಬೇಕಲ್ಲ. ಅಂಟುವಾಳದ ನೊರೆಯಲ್ಲಿ ಆರು ಕಂಬಳಿಗಳನ್ನು ಅತ್ತೆ ಕಾಲಿನಲ್ಲಿ ತುಳಿದಳು. ನನಗೂ ತುಳಿಯಲು ಕೊಟ್ಟಳು. ಒದ್ದೆ ಕಂಬಳಿ ಒಬ್ಬರ ಕೈಗೆ ಬಗ್ಗುವುದಿಲ್ಲ. ಅತ್ತೆ ಒಂದು ತುದಿ, ಅಮ್ಮ ಇನ್ನೊಂದು ತುದಿ ಹಿಡಿದು ಹಿತ್ತಿಲ ಕಲ್ಲುಗೋಡೆಯ ಮೇಲೆ ಹರವಿದರು. ಮಾದಿಹಳ್ಳಿಯಿಂದ ಹಾಲು ತರುತ್ತಿದ್ದ ಕೆಂಚಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ಎಲ್ಲಾನೂ ನೀರಿಗಾಕ್ಬುಟ್ರಾ ಚಂದ್ರವ್ವಾರೇ? ಮಾಗಿ ಇನ್ನೂ ಊರ್ ಬಾಗ್ಲಲ್ಲೇ ಐತೆ. ತಿರುಗಿ ಬಂದ್ರೆ ಏನ್ ಹೊದ್ದುಕೊಂಡೀರಿ, ಹಪ್ಪಳವಾ?"

ಅಜ್ಜಿಯೂ ನಕ್ಕಳು. ಅತ್ತೆ ಮಾತ್ರ ಹಾಲು ಅಳೆದುಕೊಂಡು ಒಳಗೆ ಹೋದಳು.

ಮಧ್ಯಾಹ್ನ ಮೂರು ಗಂಟೆಯವರೆಗೂ ಬಿಸಿಲಿತ್ತು. ಆಮೇಲೆ ಗಾಳಿ ತಿರುಗಿತು. ಹೇಗೆ ಹೇಳಲಿ, ಯಾರೋ ನೆಲಮಾಳಿಗೆಯ ಬಾಗಿಲು ತೆರೆದ ಹಾಗೆ. ತೆಂಗಿನ ಗರಿಗಳು ಒಂದೇ ಕಡೆಗೆ ಬಾಗಿ ಸುಯ್ಯೆಂದವು. ಗೋಡೆಯ ಮೇಲಿನ ಕಂಬಳಿಗಳು ಮೇಲೆ ಆರಿದ್ದರೂ ಹಿಂಡಿದರೆ ಇನ್ನೂ ತೊಟ್ಟಿಕ್ಕುತ್ತಿದ್ದವು. ಅಪ್ಪ ಅವತ್ತು ಮಂಡಿಯಲ್ಲಿದ್ದರು, ಉಳಿದವರೆಲ್ಲ ಬೇಗ ಉಂಡೆವು. ಅಜ್ಜಿ ಎರಡು ತುತ್ತಿಗಿಂತ ಹೆಚ್ಚು ಬೇಡವೆಂದು ಕೈತೊಳೆದಳು. ಸೂರ್ಯ ಕೆರೆಯ ಆಚೆ ಇಳಿದು ಅರ್ಧ ಗಂಟೆಯೂ ಆಗಿರಲಿಲ್ಲ, ಅವಳ ಎದೆಯಲ್ಲಿ ಆ ಸದ್ದು ಶುರುವಾಯಿತು.

ಅತ್ತೆ ಪೆಟ್ಟಿಗೆಯಿಂದ ಜಮಖಾನ, ದುಪಟಿ, ಹಳೆಯ ಸೀರೆಗಳನ್ನು ತಂದು ಒಂದರ ಮೇಲೊಂದು ಹೊದಿಸಿದಳು. ಅಷ್ಟು ಭಾರಕ್ಕೆ ಉಸಿರು ಕಟ್ಟುತ್ತದೆಂದು ಅಜ್ಜಿ ತಳ್ಳಿದಳು. ಅಕ್ಕಪಕ್ಕದಲ್ಲಿ ಕೇಳಿದರೆ, ಆ ಸಂಜೆ ಯಾರ ಮನೆಯಲ್ಲೂ ಕೊಡುವಷ್ಟು ಹೆಚ್ಚಿನ ಕಂಬಳಿ ಇರಲಿಲ್ಲ. ಕೆಂಡ ತರಲೇ ಎಂದು ಕೇಳಿದ್ದಕ್ಕೆ ಅಜ್ಜಿ ದೀಪದ ಸುತ್ತ ಹಾರುತ್ತಿದ್ದ ಹುಳುಗಳ ಕಡೆಗೆ ಬೆರಳು ತೋರಿಸಿ, ಅವು ಕೆಂಡಕ್ಕೆ ಬಿದ್ದು ಸಾಯುತ್ತವೆಂದು ಬೇಡವೆಂದಳು. ಉಳಿದದ್ದು ಮೆಣಸು, ಜೀರಿಗೆ, ಒಣಶುಂಠಿಯ ಕಷಾಯ. ಅದೊಂದು ಲೋಟ ಒಳಗೆ ಹೋದರೆ ಎದೆ ಬಿಡುತ್ತದೆಂದು ಮನೆಯವರಿಗೆಲ್ಲ ಗೊತ್ತು. ಹೊತ್ತು ಮುಳುಗಿದ ಮೇಲೆ ಅದು ಹೋಗುವುದಿಲ್ಲವೆಂದೂ ಗೊತ್ತು. ಅತ್ತೆ ಅಜ್ಜಿಯ ಪಾದದ ಬಳಿ ಕೂತಳು. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಒಂದು ಗುಟುಕು ಅಮ್ಮ. ತಪ್ಪು ನಂದು. ಪಾಪ ಬಂದ್ರೆ ನನಗೇ ಬರ್ಲಿ."

ಅಜ್ಜಿ ಒಂದೊಂದು ಮಾತಿಗೂ ಉಸಿರು ಹುಡುಕಿ ಹೇಳಿದಳು: "ಬೆಳಗ್ಗೆ ಕುಡೀತೀನಿ ಕಣೇ. ಇಟ್ಟಿರು."

ಆಗ ಅಮ್ಮ ಎದ್ದು ಬಂದು ಅಜ್ಜಿಯ ಬೆನ್ನಿಗೆ ಒತ್ತಿಕೊಂಡು ಮಲಗಿದಳು. ಆ ಕಡೆ ಅತ್ತೆಗೆ ಜಾಗ ಬಿಟ್ಟಳು. ಸ್ವಲ್ಪ ಹೊತ್ತಿಗೆ ಅತ್ತೆ ಎದುರು ಬದಿಗೆ ಮಲಗಿ ಅಜ್ಜಿಯ ತಲೆಯನ್ನು ತನ್ನ ತೋಳಿಗೆ ಎತ್ತಿಕೊಂಡಳು. ನನ್ನನ್ನು ಕಾಲ ದೆಸೆಗೆ ಹಾಕಿ, ಅಜ್ಜಿಯ ಪಾದ ನಿನ್ನ ಹೊಟ್ಟೆಗೆ ತಾಗುವ ಹಾಗೆ ಇಟ್ಟುಕೋ ಎಂದರು. ಆ ಪಾದಗಳು ಬಾವಿಕಟ್ಟೆಯ ಕಲ್ಲಿನಂತೆ ತಣ್ಣಗಿದ್ದವು. ಮನುಷ್ಯರ ಮೈಯ ಬಿಸಿ ಎಷ್ಟು ಕಡಿಮೆಯದು, ಎಷ್ಟು ನಿಧಾನವಾಗಿ ದಾಟುವುದು ಎಂದು ನನಗೆ ಅವತ್ತೇ ತಿಳಿದದ್ದು.

ಬೆಳಗಾದಾಗ ಹೊರಗೆ ಏನೂ ಇರಲಿಲ್ಲ. ಬಸದಿಯಿಲ್ಲ, ಕೆರೆಯಿಲ್ಲ, ಎದುರು ಮನೆಯ ಜಗುಲಿಯಿಲ್ಲ, ಬರೀ ಬಿಳಿ ಮಂಜು. ಗಡಿಯಾರ ಏಳು ಹೊಡೆಯಿತು, ಏಳೂವರೆಯೂ ಆಯಿತು. ಅಜ್ಜಿಯ ತುಟಿ ನೀಲಿಗೆ ತಿರುಗಿತ್ತು. ಪ್ರತಿ ಉಸಿರಿಗೂ ಭುಜ ಮೇಲೇಳುತ್ತಿತ್ತು. ಅತ್ತೆ ಕಷಾಯದ ಲೋಟವನ್ನು ಸೆರಗಿನಲ್ಲಿ ಸುತ್ತಿ ಹಿಡಿದು ಅಂಗಳದಲ್ಲಿ ಮೂಡಣಕ್ಕೆ ಮುಖ ಮಾಡಿ ನಿಂತಿದ್ದಳು. ಮೂರು ಸಲ ಒಳಗೆ ಹೋಗಿ ಬಿಸಿ ಮಾಡಿ ತಂದಳು. ನಾನು ಪಕ್ಕದಲ್ಲೇ ಇದ್ದೆ. ಮಂಜು ಕದಲಲಿಲ್ಲ.

ನಾಲ್ಕನೆಯ ಸಲ ಒಳಗೆ ಹೋದವಳು ಒಲೆಗೆ ಹೋಗಲಿಲ್ಲ, ನೆಟ್ಟಗೆ ಹಾಸಿಗೆಯ ಬಳಿ ನಡೆದಳು. "ಬಂತಮ್ಮ," ಎಂದಳು. "ಕಾಣಿಸ್ತು. ಕುಡೀರಿ."

ಅಜ್ಜಿ ಕಣ್ಣು ತೆರೆದು ಕಿಟಕಿಯ ಕಡೆ ನೋಡಿದಳು. ಅಲ್ಲಿ ಹಾಲು ಚೆಲ್ಲಿದಂಥ ಬಿಳುಪು ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಅಮ್ಮನ ಕಡೆ ತಿರುಗಿ ಕೇಳಿದಳು: "ಹೌದೇ ಪದ್ಮಾ?"

ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಅಮ್ಮ ಅತ್ತೆಯ ಮುಖವನ್ನು ನೋಡಿದಳು. ಇವರಿಬ್ಬರ ನಡುವೆ ಎರಡು ದಿನದ ಹಿಂದಿನ ಮಾತು ಹಾಗೇ ಇತ್ತು. ಅಮ್ಮ ಬಯಸಿದ್ದರೆ ಆ ಒಂದು ಗಳಿಗೆಯಲ್ಲಿ ಬೀಗದಕೈ ಗೊಂಚಲು ಅವಳ ಸೊಂಟಕ್ಕೆ ಬರುತ್ತಿತ್ತು.

"ಹೌದಮ್ಮ," ಎಂದಳು. "ಬಸದಿ ಗೋಡೆ ಮೇಲೆ ಬಿದ್ದಿದೆ ಬಿಸಿಲು."

ಅಜ್ಜಿ ಲೋಟಕ್ಕೆ ಕೈಚಾಚಿದಳು.

ಅವಳು ನಂಬಿದಳೋ, ಇಬ್ಬರೂ ಒಟ್ಟಾಗಿ ಹೇಳಿದ್ದಕ್ಕೆ ಒಪ್ಪಿಕೊಂಡಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೂ ಎರಡು ಚಳಿಗಾಲ ಬದುಕಿದ್ದಳು. ಆ ಬೆಳಗಿನ ಮಾತು ಎತ್ತಲಿಲ್ಲ. ಅತ್ತೆ ಮಾತ್ರ ಅಂದಿನಿಂದ ತಾನು ಸಾಯುವತನಕ ವಾರಕ್ಕೊಂದು ಒಪ್ಪತ್ತು ಹಿಡಿದಳು, ಯಾಕೆಂದು ಯಾರು ಕೇಳಿದರೂ ಹೇಳಲಿಲ್ಲ. ಅಮ್ಮನೂ ಹೋಗಿ ಈಗ ಆರು ವರ್ಷ. ಮನೆ ಪಾಲಾಗಿ, ಮಾರಾಟವಾಗಿ, ಅಲ್ಲಿ ಈಗ ಬೇರೆ ಯಾರದೋ ಎರಡು ಅಂತಸ್ತಿನ ಕಟ್ಟಡ ಎದ್ದಿದೆ. ಸುಳ್ಳೂ ಹಿಂಸೆಯೇ ಎಂದು ಬಸದಿಯಲ್ಲಿ ಕೇಳಿ ಬೆಳೆದವಳು ನಾನು. ಆದರೆ ಮಂಜು ಕವಿದ ದಿನ ನನಗೆ ನೆನಪಾಗುವುದು ಆ ಇಬ್ಬರು ಹೆಂಗಸರು, ಒಬ್ಬಳ ಪಾಪಕ್ಕೆ ಇನ್ನೊಬ್ಬಳು ಕೇಳದೆಯೇ ಹೆಗಲು ಕೊಟ್ಟದ್ದು. ಈಗ ಅದನ್ನು ಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ, ಹಾಗಾಗಿ ಬರೆದಿಡುತ್ತಿದ್ದೇನೆ.

ಅವತ್ತು ಹನ್ನೊಂದು ಗಂಟೆಗೆ ಮಂಜು ಕರಗಿ ಮತ್ತೆ ಸುಡುಬಿಸಿಲು ಬಂತು. ಸಂಜೆಯ ಹೊತ್ತಿಗೆ ಒಂದು ಕಂಬಳಿ ಪೂರ್ತಿ ಆರಿತ್ತು. ಹೊತ್ತು ಮುಳುಗುವ ಮುಂಚೆ ಅಕ್ಕಿ ರೊಟ್ಟಿ, ಹಿತಕಿದ ಅವರೆಬೇಳೆಯ ಸಾರು ಉಂಡೆವು. ಅಜ್ಜಿ ಮೆಣಸು ಹಾಕಿದ ಗಂಜಿಯನ್ನು ಒಂದು ಬಟ್ಟಲು ಪೂರ್ತಿ ಕುಡಿದಳು. ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ಚಂದ್ರತ್ತೆ. ಅಜ್ಜಿಯ ಹಾಸಿಗೆಯ ಪಕ್ಕ ಗೋಡೆಗೆ ಒರಗಿ ಕೂತಲ್ಲೇ ಬಾಯಿ ತುಸು ತೆರೆದು, ಮಗುವಿನ ಹಾಗೆ. ಅಮ್ಮ ಸದ್ದಾಗದಂತೆ ಎದ್ದು ಬಾಗಿಲ ಅಗಳಿ ಹಾಕಿ ಬಂದಳು. ಅಜ್ಜಿ ತನ್ನ ಮೇಲಿದ್ದ ಕಂಬಳಿಯ ಅರ್ಧವನ್ನು ಎಳೆದು ಮಗಳ ಕಾಲ ಮೇಲೆ ಹೊದಿಸಿದಳು.