ಅಕ್ಕನ ಹಣೆ ಮುಟ್ಟುವ ಮುನ್ನ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಐಸ್ ಕಾರ್ಖಾನೆಯ ಒದ್ದೆ ನೆಲದ ಮೇಲೆ ರಬ್ಬರ್ ಬೂಟು ಹಾಕಿಕೊಂಡ ನಡುವಯಸ್ಸಿನವರೊಬ್ಬರು ಸರಪಳಿ ಎಳೆಯುತ್ತಿದ್ದಾರೆ. ಉಪ್ಪುನೀರಿನ ತೊಟ್ಟಿಯಿಂದ ಉದ್ದನೆಯ ತಗಡಿನ ಡಬ್ಬಗಳು ಮೇಲೇಳುತ್ತವೆ, ಪಕ್ಕದ ಸಾದಾ ನೀರಿನಲ್ಲಿ ಒಮ್ಮೆ ಮುಳುಗುತ್ತವೆ, ಬೋರಲಾಗುತ್ತವೆ. ಒಳಗಿನ ಐಸಿನ ದಿಮ್ಮಿ ಸರ್ರನೆ ಜಾರಿ ಬರುತ್ತದೆ. ಅದಕ್ಕೆ ಕೊಕ್ಕೆ ಹಾಕಿ ಲಾರಿಯತ್ತ ಎಳೆಯುವುದು ಇವರ ಕೆಲಸ. ಕೈಗವಸು ಇದೆ. ಎರಡನೇ ಲಾರಿ ತುಂಬುವಷ್ಟರಲ್ಲಿ ಅದೂ ನೆಂದು ತೊಪ್ಪೆ.

ಬೀದಿಗೆಲ್ಲ ಇವರು ಐಸಣ್ಣ. ಮೀನಿನ ಅಂಗಡಿಯಿಂದ ಹಣ್ಣಿನ ರಸದ ಗಾಡಿಯವರೆಗೆ ಊರಿನ ತಂಪು ಇವರ ರಟ್ಟೆಯ ಮೇಲೆ ನಿಂತಿದೆ. ಹಾಗಂತ ಯಾರೂ ಹೇಳಿದ್ದಿಲ್ಲ, ಅವರೂ ಕೇಳಿದ್ದಿಲ್ಲ. ಮದುವೆಯ ಮಾತೆತ್ತಿದರೆ ನಗುತ್ತಾರೆ: "ನನ್ನ ಕೈ ಹಿಡಿಯೋರು ಯಾರು? ಹಿಡಿದ್ರೆ ನಡುಗಿ ಸಾಯ್ತಾರೆ."

ಲಾರಿಗಳು ಹೊರಟ ಮೇಲೆ ಐಸಣ್ಣ ಮನೆಗೆ ಹೊರಡುತ್ತಾರೆ. ಆದರೆ ನೇರವಾಗಿ ಹೋಗುವುದಿಲ್ಲ. ಬೀದಿ ತುದಿಯ ಇಸ್ತ್ರಿ ಅಂಗಡಿಯಲ್ಲಿ ನಿಂತು, ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆಯ ಮೇಲೆ ಎರಡೂ ಅಂಗೈ ಹಿಡಿಯುತ್ತಾರೆ.

"ಬಂದ್ರಪ್ಪ, ಕೈಗೆ ಇಸ್ತ್ರಿ ಹಾಕಿಸ್ಕೊಳ್ಳೋಕೆ!" ಎನ್ನುತ್ತಾರೆ ಅಂಗಡಿಯ ಮುದುಕರು. "ಕಾಲರ್ ಗಟ್ಟಿಯಾಗಿ ಬೇಕಾ, ಮೆತ್ತಗೆ ಬೇಕಾ?"

"ಮೆತ್ತಗೇ ಇರಲಿ ಅಜ್ಜಾ. ಅಕ್ಕನ್ನ ಮುಟ್ಟೋ ಕೈ."

ಅಕ್ಕ ಎಂದರೆ ಮನೆಯಲ್ಲಿರುವ ಇನ್ನೊಂದೇ ಜೀವ. ತಾಯಿ ತೀರಿಕೊಂಡಾಗ ಇವರಿನ್ನೂ ಅಂಬೆಗಾಲಿನ ಕೂಸು. ಎತ್ತಿ ಆಡಿಸಿ, ಹೊಡೆದು ಬೈದು ದೊಡ್ಡದು ಮಾಡಿದವಳು ಅವಳೇ. ಗಂಡ ಹೋದ ಮೇಲೆ ಅಕ್ಕ ತಮ್ಮನ ಜೊತೆಗೇ ಇದ್ದಾಳೆ. ಶಾಲೆಯ ವ್ಯಾನಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವುದು ಅವಳ ಕೆಲಸವಾಗಿತ್ತು. ಅವಳು ಕೂಗಿದರೆ ವ್ಯಾನಿಗೆ ಹಾರನ್ನೇ ಬೇಡ ಎನ್ನುತ್ತಿದ್ದನಂತೆ ಡ್ರೈವರ್.

ಹೊಟ್ಟೆನೋವನ್ನು ಅಕ್ಕ ಬಹಳ ದಿನ ಗ್ಯಾಸ್ ಎಂದುಕೊಂಡೇ ಕಳೆದಳು. ರಕ್ತ ಕಂಡ ಮೇಲೆ ಮಾತ್ರ ಆಸ್ಪತ್ರೆ. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್. ಆಪರೇಷನ್ ಮಾಡಿ ಕರುಳಿನ ಒಂದು ತುಂಡು ತೆಗೆದರು. ಗಾಯ ಮಾಯಿತು, ಇನ್ನೇನು ಗೆದ್ದೆವು ಎಂದುಕೊಳ್ಳುವಾಗ ಡಾಕ್ಟರು ಕೀಮೋ ಎಂದರು. ಕಣ್ಣಿಗೆ ಕಾಣದ್ದು ಒಳಗೆ ಉಳಿದಿರಬಹುದು, ಅದಕ್ಕೆ ಔಷಧಿ ಬೇಕು.

ಆ ಔಷಧಿಗೆ ಒಂದು ಗುಣವಿದೆ. ಡ್ರಿಪ್ ಏರಿಸಿದ ಮೇಲೆ ಕೆಲವು ದಿನ ತಣ್ಣಗಿನದು ಯಾವುದೂ ಆಗದು. ತಂಪು ನೀರು ಕುಡಿದರೆ ಗಂಟಲು ಹಿಡಿದಂತಾಗುತ್ತದೆ, ತಣ್ಣನೆಯ ಲೋಟ ಮುಟ್ಟಿದರೆ ಬೆರಳಿಗೆ ಮುಳ್ಳು ಚುಚ್ಚಿದಂತಾಗುತ್ತದೆ. ಐಸಣ್ಣ ಮನೆಯ ನೀರನ್ನೆಲ್ಲ ಬೆಚ್ಚಗೆ ಮಾಡಿಟ್ಟರು, ಸ್ಟೀಲ್ ಚಮಚ ಎತ್ತಿಟ್ಟರು, ಕಿಟಕಿಗೆ ಬಟ್ಟೆ ಕಟ್ಟಿದರು. ಎಲ್ಲ ನೆನಪಾಯಿತು. ತಮ್ಮ ಕೈಯೊಂದು ನೆನಪಾಗಲಿಲ್ಲ.

"ಜ್ವರ ಬಂದ್ರೆ ತಕ್ಷಣ ಕರ್ಕೊಂಡು ಬನ್ನಿ ಅಂತ ಸಿಸ್ಟರ್ ಹೇಳಿದ್ರು. ಕೆಲಸದಿಂದ ಬಂದವನೇ ಹಣೆ ಮೇಲೆ ಕೈ ಇಟ್ಟೆ. ಅಕ್ಕ ಕಿಟಾರನೆ ಕಿರುಚಿದ್ಲು. ನನ್ನ ಕೈಗೋ, ಅವಳ ಹಣೆ ಕಾದ ಹೆಂಚು!"

ಅಕ್ಕನನ್ನು ಗಾಡಿಯಲ್ಲಿ ಕೂರಿಸಿ ಆಸ್ಪತ್ರೆಗೆ ಓಡಿದರು. ಜ್ವರವೇ ಇರಲಿಲ್ಲ. ಸಿಸ್ಟರ್ ಅವರ ಕೈ ಮುಟ್ಟಿ ನೋಡಿ ಹೇಳಿದರಂತೆ: "ಅಣ್ಣಾ, ಈ ಕೈಗೆ ಗೋಡೆಯೂ ಜ್ವರ ಬಂದ ಹಾಗೇ ಕಾಣುತ್ತೆ. ಥರ್ಮಾಮೀಟರ್ ಇಟ್ಟು ನೋಡಿ."

ಇಸ್ತ್ರಿ ಅಂಗಡಿಯ ಪಾಠ ಶುರುವಾದದ್ದು ಮಾರನೆಯ ದಿನದಿಂದ. ಕೈ ಬೆಚ್ಚಗಾಯಿತು, ಅಕ್ಕ ಬೆಚ್ಚುವುದು ನಿಂತಿತು. ಕೊಂಡು ತಂದಿದ್ದ ಥರ್ಮಾಮೀಟರ್ ಕಪಾಟು ಸೇರಿತು. "ಕೈ ಕಾದಿದೆಯಲ್ಲ, ಇನ್ನು ಸುಳ್ಳು ಹೇಳಲ್ಲ ಅಂದ್ಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!"

ಎರಡನೇ ಸಲದ ಕೀಮೋ ಆಗಿ ಒಂದು ವಾರ ಕಳೆದಿತ್ತು. ಅಂದು ಹಣೆ ಮುಟ್ಟಿದರೆ ತಂಪಾಗಿಯೇ ಇತ್ತು. ಸಮಾಧಾನದಿಂದ ಗಂಜಿಗೆ ನೀರಿಟ್ಟರು. ಆಮೇಲೆ ಏನೋ ಕೊರತೆ ಅನ್ನಿಸಿತು. ಬೂಟು ಹಾಕಿಕೊಂಡೇ ಒಳಗೆ ಬಂದಿದ್ದರು, ನೆಲದ ತುಂಬ ಕೆಸರು. ಅಕ್ಕ ಅದನ್ನು ನೋಡಿ ಗೋಡೆ ಕಡೆ ತಿರುಗಿ ಮಲಗಿದ್ದಳು.

"ಬೈಯಲೇ ಇಲ್ಲ," ಎನ್ನುವಾಗ ಈಗಲೂ ಅವರ ದನಿ ಕುಗ್ಗುತ್ತದೆ. "ಆಪರೇಷನ್ ಆದ ಮರುದಿನವೂ 'ತಲೆ ಬಾಚ್ಕೊಳ್ಳೋ ಮೂದೇವಿ' ಅಂದವಳು. ಕೆಸರು ನೋಡಿಯೂ ಸುಮ್ಮನಿದ್ದಾಳೆ ಅಂದ್ರೆ?"

ಥರ್ಮಾಮೀಟರ್ ಹುಡುಕಿ ತೆಗೆದು ಇಟ್ಟರು. ನೂರ ಎರಡು ದಾಟಿತ್ತು. ಬಿಸಿ ಕೈಗೆ ಬಿಸಿ ಹಣೆ ತಂಪಾಗಿ ಕಂಡಿತ್ತು, ಅಷ್ಟೇ. ಮತ್ತೆ ಆಸ್ಪತ್ರೆಗೆ ಓಡಿದರು. ಸೋಂಕಿನ ವಿರುದ್ಧ ಹೋರಾಡುವ ರಕ್ತಕಣಗಳು ಕೀಮೋದಿಂದ ಕಡಿಮೆಯಾಗಿದ್ದವು. ಸಂಜೆವರೆಗೆ ಕಾದಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಐಸಣ್ಣ ಅಂದಿನಿಂದ ಕೈ ಕಾಯಿಸುವುದನ್ನು ಬಿಟ್ಟಿಲ್ಲ, ಆದರೆ ಅದನ್ನು ನಂಬುವುದನ್ನು ಬಿಟ್ಟಿದ್ದಾರೆ. ಥರ್ಮಾಮೀಟರ್ ಈಗ ಅಕ್ಕನ ತಲೆದಿಂಬಿನ ಪಕ್ಕದಲ್ಲೇ ಇರುತ್ತದೆ.

ಜ್ವರ ಇಳಿದು ಮನೆಗೆ ಬಂದ ಅಕ್ಕ ಒಂದೇ ಮಾತು ಹೇಳಿದಳು: "ಸಾಕು ಕಣೋ. ಇನ್ನು ಆ ಡ್ರಿಪ್ ಬೇಡ." ತಮ್ಮ ಗಾಡಿಗೆ ಹೇಳಿಟ್ಟರು. ಕೀಮೋದ ದಿನ ಬಂತು, ಬಾಡಿಗೆ ಗಾಡಿ ಬಾಗಿಲಿಗೆ ಬಂದು ನಿಂತಿತು. ಅಕ್ಕ ಹೊಸ್ತಿಲು ದಾಟಲೊಲ್ಲಳು. ಆಗ ಐಸಣ್ಣ ಗಾಡಿಯ ಬಾಗಿಲು ಹಿಡಿದುಕೊಂಡು, ಅವಳು ವ್ಯಾನಿನ ಮಕ್ಕಳಿಗೆ ದಿನಾ ಹೇಳುತ್ತಿದ್ದ ಮಾತನ್ನೇ ಗಟ್ಟಿಯಾಗಿ ಕೂಗಿದರು: "ಅಳೋದಾದ್ರೆ ಒಳಗೆ ಕೂತು ಅಳು. ಮೊದಲು ಹತ್ತು!"

ಅಕ್ಕ ತಮ್ಮನನ್ನು ದುರುಗುಟ್ಟಿ ನೋಡಿದಳು. "ನಿನ್ನ ನಾಲಿಗೆ ಸೇದಿಹೋಗ," ಎಂದಳು. ಅತ್ತಳು, ನಕ್ಕಳು, ಹತ್ತಿದಳು.

ಇನ್ನೂ ಹಲವು ಸಲ ಹತ್ತಬೇಕಿದೆ. ಮುಂದೇನು ಎಂದು ಡಾಕ್ಟರೂ ಭರವಸೆ ಕೊಟ್ಟಿಲ್ಲ. ಇಸ್ತ್ರಿ ಪೆಟ್ಟಿಗೆಯ ಮೇಲೆ ಅಂಗೈ ತಿರುಗಿಸುತ್ತ ಐಸಣ್ಣ ಹೇಳುತ್ತಾರೆ:

"ಊರಿಗೆಲ್ಲ ಐಸ್ ಕೊಟ್ಟೆ. ನಮ್ಮನೇಗೆ ಒಂದು ಚೂರೂ ತರೋ ಹಾಗಿಲ್ಲ. ಇದೆಲ್ಲ ಮುಗಿದ ಮೇಲೆ ಅಕ್ಕ ಒಂದು ಲೋಟ ತಣ್ಣೀರು ಕೇಳ್ಬೇಕು. ನಾನೇ ಐಸ್ ಒಡೆದು ಹಾಕ್ಕೊಡ್ತೀನಿ. ಕುಡಿದು, 'ಇಷ್ಟು ತಣ್ಣಗೆ ಯಾರು ಕೊಡು ಅಂದ್ರೋ ನಿಂಗೆ' ಅಂತ ಬೈಬೇಕು. ಬೀದಿ ತುದಿಗೆ ಕೇಳೋ ಹಾಗೆ ಬೈಬೇಕು."