ಐಮಂಗಲದ ಸಿಸ್ಟರಮ್ಮ

ನನ್ನ ಮೊಮ್ಮಗಳು ಮನೆಗೆ ಬಂದಳು! ಬೆಳಿಗ್ಗೆ ಸೊಸೆ ಅವಳನ್ನು ಸೊಂಟದಲ್ಲಿ ಕೂರಿಸಿಕೊಂಡು ಬಂದು ಬಾಗಿಲಲ್ಲಿ ನಿಂತಳು. ನನ್ನ ಮಗನ ಕುಡಿತ ತಾಳಲಾರದೆ ಆದಿವಾಲದ ತವರಿಗೆ ಹೋಗಿ ವರ್ಷದ ಮೇಲಾಗಿತ್ತು. ನನಗಿರುವುದು ಮೂರನೇ ಕ್ಲಾಸಿನ ಅಕ್ಷರ. ಅದರಲ್ಲೇ, ಮಗನ ಕುಡಿತ ಬಿಡಿಸಿದ ನರ್ಸು ಸಿಸ್ಟರಮ್ಮನ ಬಗ್ಗೆ ಬರೆಯುತ್ತೇನೆ.

ಸಿಸ್ಟರಮ್ಮನ ಎಡಗೈ ಮಣಿಕಟ್ಟಿನ ಮೇಲೆ ಹಲ್ಲಿನ ಗುರುತಿದೆ. ಅವರು ಮೊದಲು ಕೆಲಸಕ್ಕಿದ್ದ ದುರ್ಗದ ದೊಡ್ಡಾಸ್ಪತ್ರೆಯ ಕುಡಿತ ಬಿಡಿಸುವ ವಾರ್ಡಿನಲ್ಲಿ ನನ್ನ ಮಗ ಮೈಮೇಲೆ ಎಚ್ಚರವಿಲ್ಲದೆ ಕಚ್ಚಿದ್ದು. "ಹಲ್ಲು ಗಟ್ಟಿ ಅವೆ ಕಣಜ್ಜಿ, ಮನಸ್ಸೂ ಅಷ್ಟು ಗಟ್ಟಿಯಾದ್ರೆ ಸಾಕು" ಎಂದು ನಕ್ಕಿದ್ದರು. ಅಲ್ಲಿಂದ ಮಗ ಎರಡು ಸಲ ಓಡಿ ಬಂದ.

ಆಮೇಲೆ ಸರ್ಕಾರದವರು ಆ ವಾರ್ಡು ಮುಚ್ಚಿ, ಕೆಲಸವನ್ನು ಊರುಕಡೆಯ ಸಂಘಗಳಿಗೆ ವಹಿಸಿದರು. ನಮಗೆ ಸಿಕ್ಕಿದ್ದು ಐಮಂಗಲದ ಸಮುದಾಯ ಭವನದಲ್ಲಿ ಎಂಟು ಮಂಚ.

"ದೊಡ್ಡಾಸ್ಪತ್ರೇಲಿ ಆಗದ್ದು ಮದುವೆ ಮಾಡೋ ಜಾಗದಾಗೆ ಆಗ್ತೈತಾ? ಸರ್ಕಾರ ಕೈ ತೊಳಕಂತು!" ಎಂದು ಬಾಗಿಲಲ್ಲೇ ಬೈದೆ.

ಸಂಘದ ಕೆಲಸಕ್ಕೆ ಸೇರಿ ಅಲ್ಲಿಗೆ ಬಂದಿದ್ದ ಸಿಸ್ಟರಮ್ಮ, "ಬೈರಿ ಅಜ್ಜಿ, ಒಳಗೆ ಕುಂತ್ಕಂಡು ಬೈರಿ" ಎಂದರು.

ಡಾಕ್ಟರು ದಿನಕ್ಕೊಮ್ಮೆ ಬರುತ್ತಿದ್ದರು. ಉಳಿದ ಹೊತ್ತೆಲ್ಲ ಇವರೇ. ಒಬ್ಬೊಬ್ಬರ ಮುಂದೆಯೂ ಒಂದು ಹಿಡಿ ಶೇಂಗಾಕಾಯಿ ಹಾಕಿ ಸುಲಿಸುತ್ತಿದ್ದರು. ಕೈನಡುಕ ಎಷ್ಟು ಇಳಿದಿದೆ ಎಂದು ಅದರಲ್ಲೇ ತಿಳಿಯುತ್ತಿತ್ತು.

ಮೂರನೇ ದಿನ ಮಗ ಬೆವರಿ, ನಡುಗಿ, "ಅವ್ವಾ, ಸಾಯ್ತೀನಿ" ಅಂದ. ಒಮ್ಮೆಲೇ ಬಿಟ್ಟರೆ ಜೀವ ಹೋಗುತ್ತದೆಂದು ಯಾರೋ ಹೇಳಿದ್ದರು. ದನದ ಕೊಟ್ಟಿಗೆಯಲ್ಲಿ ಅವನೇ ಬಚ್ಚಿಟ್ಟಿದ್ದ ಬಾಟಲಿಯಿಂದ ಎರಡು ಮುಚ್ಚಳ ಮಜ್ಜಿಗೆಗೆ ಬೆರೆಸಿ ಒಯ್ದೆ. ಸಿಸ್ಟರಮ್ಮ ಮೂಸಿ ನೋಡಿದರು. ಇಬ್ಬರನ್ನೂ ಆಚೆ ಕಳಿಸುತ್ತಾರೆ ಅಂದುಕೊಂಡೆ.

ಮಜ್ಜಿಗೆಯನ್ನು ಚರಂಡಿಗೆ ಚೆಲ್ಲಿ ಬಂದು, "ಜೀವ ಹೋಗಬಾರ್ದು ಅಂತಾನೇ ಮಾತ್ರೆ ಕೊಡ್ತಿರೋದು. ಮಗಂಗಿಂತ ಮೊದ್ಲು ನಿಮಗೆ ಬಿಡಿಸ್ಬೇಕು ನೋಡ್ರಿ! ಇಲ್ಲೇ ಇರ್ರಿ. ಅವನು ಕೇಳಿದ್ರೆ ಇಲ್ಲ ಅನ್ರಿ, ಆದ್ರೆ ಎದ್ದು ಹೋಗಬ್ಯಾಡ್ರಿ" ಎಂದರು.

ದೊಡ್ಡಾಸ್ಪತ್ರೆಯಲ್ಲಿ ನಮ್ಮನ್ನು ಬಾಗಿಲು ದಾಟಲು ಬಿಡುತ್ತಿರಲಿಲ್ಲ. ಇಲ್ಲಿ ಹತ್ತು ದಿನ ಅವನ ಮಂಚದ ಪಕ್ಕ ಚಾಪೆ ಹಾಸಿಕೊಂಡಿದ್ದೆ. ಕೇಳಿದ, ಬೈದ, ಅತ್ತ. ಇಲ್ಲ ಅಂದೆ, ಕೂತೆ. ಈ ಸಲ ಅವನು ಓಡಲಿಲ್ಲ.

ಮನೆಗೆ ಬಂದ ಮೇಲೂ ಸಿಸ್ಟರಮ್ಮ ಬಸ್ಸು ಹತ್ತಿ ಬಂದು ಅವನನ್ನು ನೋಡಿ ಹೋಗುತ್ತಿದ್ದರು. ಆದಿವಾಲಕ್ಕೂ ಹೋಗಿ ಸೊಸೆಗೆ, "ಬಾ ಅನ್ನಲ್ಲ ತಾಯಿ, ಒಂದ್ಸಲ ಬಂದು ನೋಡು ಅಂತೀನಿ" ಎಂದಿದ್ದರು.

ಇವತ್ತು ಊಟಕ್ಕೆ ಕರೆಯಲು ಫೋನ್ ಮಾಡಿದೆ. "ಹೊಸಬನೊಬ್ಬ ಬಂದವ್ನೆ ಅಜ್ಜಿ, ಅವರವ್ವ ಒಂದೇ ಸಮ ಅಳ್ತೈತೆ. ನೀವು ಉಣ್ರಿ" ಎಂದರು. ನಾಳೆ ಹೋಗಿ ಆ ತಾಯಿಯ ಜೊತೆ ಕೂರುತ್ತೇನೆ ಎಂದು ಹೇಳಿದ್ದೇನೆ. ಅವರ ಋಣಕ್ಕೆ ನಾನು ಮಾಡಬಲ್ಲದ್ದು ಅಷ್ಟೇ.

ಸಂಜೆ ಹೋಳಿಗೆ ಮಾಡಿದೆ. ನಮ್ಮ ಯಜಮಾನರು, ಮಗ, ಸೊಸೆ, ಮೊಮ್ಮಗಳು, ನಾನು, ಎಲ್ಲರೂ ಒಂದೇ ಸಾಲಿನಲ್ಲಿ ಉಣ್ಣಲು ಕೂತೆವು. ಸೊಸೆ ಬ್ಯಾಗನ್ನು ಇನ್ನೂ ಬಿಚ್ಚಿರಲಿಲ್ಲ. ಇರುತ್ತೀಯಾ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವಳು ತುತ್ತು ಕಲಸುತ್ತಾ, ತಲೆ ಎತ್ತದೆ, "ನಾಳೆ ಮಗೀನ ಅಂಗನವಾಡಿಗೆ ಯಾರು ಬಿಡ್ತೀರಿ?" ಎಂದಳು.

"ನಾನೇ" ಎಂದ ಮಗ.

ಯಜಮಾನರು ಇನ್ನೊಂದು ಹೋಳಿಗೆಗೆ ತಟ್ಟೆ ಚಾಚಿದರು.