ಗಂಜಿ ಹಾಕಿದ ರೆಕ್ಕಿ

ಗಂಜಿ ಹಾಕೂದನ್ನ ನನಗ ಯಾರೂ ಕಲಿಸಬೇಕಾಗಿಲ್ಲ. ಬನಹಟ್ಟಿಯೊಳಗ ಮಗ್ಗದ ಮನಿಯಾಗ ಹುಟ್ಟಿದವ ನಾ. ನಡೆಯಾಕ ಕಲಿಯೂಕಿಂತ ಮೊದಲ ಗಂಜಿ ಗಡಿಗಿಯಾಗ ಕೈ ಅದ್ದಿ ಅವ್ವನ ಕಡಿಂದ ಬೈಸಿಕೊಂಡವ. ಓಣ್ಯಾಗ ಹಾಸಿನ ನೂಲು ಉದ್ದಕ ಬಿಗಿದು, ಕುಂಚದಿಂದ ಗಂಜಿ ಸವರಿ, ಬಿಸಿಲಿಗೆ ಒಣಗಿಸಿದಿವಿ ಅಂದ್ರ ಆ ನೂಲು ತಂತಿಯಂಗ ನಿಲ್ಲತಿತ್ತು. ಈ ಸೊಕ್ಕು ನನಗ ಭಾಳ ಇತ್ತು. ಆ ಸೊಕ್ಕಿನಾಗ ನಾ ಒಂದು ಮಾತು ಆಡಿದೆ. ಅದನ್ನ ನೆನಸಿಕೊಂಡರ ಇವತ್ತಿಗೂ ನನ್ನ ಬಾಯಿಗೆ ನಾನ ಬಡಕೋಬೇಕು ಅನಸತೈತಿ.

ಆಗ ಸಂಸ್ಥಾನಗಳು ಹೋಗಿ ನಾವೆಲ್ಲಾ ಮುಂಬಯಿ ರಾಜ್ಯದವರಾಗಿದ್ದಿವಿ. ಅಪ್ಪ ತೀರಿಕೊಂಡಿದ್ದ. ಮನಿಯಾಗ ಅವ್ವ, ನಾನು, ನನಗಿಂತ ಆರು ವರ್ಷ ದೊಡ್ಡವ ನಮ್ಮಣ್ಣ. ಅಣ್ಣ ಯುದ್ಧದ ಕಾಲಕ ಪುಣೆ ಕಡೆ ವಿಮಾನ ಕಲಿಸುವ ಒಂದು ಶಿಬಿರಕ್ಕ ಕೆಲಸಕ್ಕ ಹೋಗಿದ್ದ. ಯುದ್ಧ ಮುಗಿದ ಮ್ಯಾಲೂ ಅಲ್ಲೇ ಉಳದ. ಅಲ್ಲಿ ಇದ್ದವು ಎರಡೆರಡು ರೆಕ್ಕಿಯ ವಿಮಾನ, ಒಂದರ ಮ್ಯಾಲೊಂದು ರೆಕ್ಕಿ. ಅವು ತಗಡಿನ ರೆಕ್ಕಿ ಅಲ್ಲ, ಕಟ್ಟಿಗಿ ಹಂದರಕ್ಕ ಬಟ್ಟಿ ಹೊಚ್ಚಿದ ರೆಕ್ಕಿ. ಬಟ್ಟಿಯ ಕೆಲಸ ಅಂದ ಮ್ಯಾಲ ನಮ್ಮವನನ್ನ ಬಿಟ್ಟು ಇನ್ಯಾರು? ಅಣ್ಣ ಆ ರೆಕ್ಕಿಗೋಳಿಗೆ ಬಟ್ಟಿ ಹೊಲೀತಿದ್ದ. ಹೊಲದ ಮ್ಯಾಲ ಡೋಪ್ ಅನ್ನೋ ಘಾಟು ವಾಸನಿ ಎಣ್ಣಿ ಹಚ್ಚತಾರು, ಅದು ಒಣಗಿದರ ಬಟ್ಟಿ ಹಲಗಿಯಂಗ ಬಿಗೀತೈತಿ, ಬೆರಳಿಂದ ಬಡದರ ಢಂ ಅಂತೈತಿ ಅಂತ ಪತ್ರ ಬರೀತಿದ್ದ. ಅವ್ವ ಆ ಪತ್ರ ಓಣಿ ತುಂಬ ಓದಿಸಿಕೊಂಡು ಬರತಿದ್ದಳು.

ಒಂದು ದಿನ ಅವನ ಜೋಡಿ ಕೆಲಸ ಮಾಡತಿದ್ದವ ಒಬ್ಬ ಅಣ್ಣನ್ನ ಕೈ ಹಿಡಕೊಂಡು ಬಂದು ನಮ್ಮ ಕಟ್ಟಿ ಮ್ಯಾಲ ಕುಂಡರಿಸಿ ಹೋದ. ಅಣ್ಣ ರೆಕ್ಕಿ ಹೊಲದ ವಿಮಾನ ಒಂದು ಬಿದ್ದಿತ್ತು. ಅದರಾಗ ಕಲಿಯಾಕ ಬಂದ ಹುಡುಗ ಒಬ್ಬ ಇದ್ದ, ಉಳೀಲಿಲ್ಲ. ಬಟ್ಟಿ ಹರದು ವಿಮಾನ ಬಿತ್ತೋ, ಬಿದ್ದ ಮ್ಯಾಲ ಬಟ್ಟಿ ಹರೀತೋ ಯಾರಿಗೂ ತಿಳೀಲಿಲ್ಲಂತ. ಅಣ್ಣಗ ಮಾತ್ರ ತಾನು ಹೊಲದದ್ದ ಹರದದ್ದು ಅಂತ ತಿಳದಬಿಟ್ಟಿತ್ತು. ಅವತ್ತಿನಿಂದ ಅವ ಬಾಯಿ ಬಿಡಲಿಲ್ಲ.

ಒಂದು ವರ್ಷ ಅಲ್ಲ, ಎರಡು ವರ್ಷ ಅಲ್ಲ, ಮೂರು ವರ್ಷ! ಕೊಟ್ಟರ ಉಣತಿದ್ದ, ಹೇಳಿದರ ಏಳತಿದ್ದ. ಮಿರಜದ ದೊಡ್ಡ ದವಾಖಾನಿಗೆ ಒಯ್ದಿವಿ, ಮೈಯಾಗ ಏನೂ ಇಲ್ಲ ಅಂದ್ರು. ಮಠಕ್ಕ ಒಯ್ದಿವಿ, ವಿಭೂತಿ ಕೊಟ್ಟರು. ಅವ್ವ ದಿನಾ ಅವನ ಗಲ್ಲಾ ಹಿಡದು "ಒಮ್ಮೆರ ಅವ್ವಾ ಅನ್ನೋ ಯಪ್ಪಾ" ಅಂತಿದ್ದಳು. ಅದನ್ನ ಕೇಳಲಾರದ ನಾ ಎದ್ದು ಮಗ್ಗಕ್ಕ ಹೋಗತಿದ್ದೆ. ಸಿಟ್ಟು ಅಣ್ಣನ ಮ್ಯಾಲೂ ಬರತಿತ್ತು, ಖರೆ ಹೇಳಬೇಕಂದ್ರ.

ಮುಧೋಳದಿಂದ ಸೋದರಮಾವ ಬಂದ. ಮನಿಗೆ ಹಿರ್ಯಾ ಅವನ. "ಇನ್ನ ಎಷ್ಟ ದಿನ ಹಿಂಗ ಕುಂಡರಿಸಿ ಉಣಸತೀರಿ? ಸಂಕ್ರಮಣ ಆಗೂತನಾ ನೋಡತೀನಿ. ಅಷ್ಟರಾಗ ಬಾಯಿ ಬಿಡಲಿಲ್ಲಂದ್ರ ಧಾರವಾಡದ ಹುಚ್ಚರ ದವಾಖಾನಿಗೆ ಹಾಕೂದ," ಅಂದ. ಅವ್ವ ಸೆರಗು ಬಾಯಾಗ ತುರಕಿಕೊಂಡು ಒಳಗ ಹೋದಳು. ಅಣ್ಣ ಅಲ್ಲೇ ಕುಂತಿದ್ದ. ಎಲ್ಲಾ ಕೇಳಿಸಿಕೊಂಡಿರಬೇಕು.

ಆ ದಿನಗಳಾಗನ ಮುಂಬಯಿಗೆ ಸೀರಿ ಒಯ್ಯುವ ವ್ಯಾಪಾರಿ ನಮಗ ಬಣ್ಣದ ನೂಲು ತಂದುಕೊಟ್ಟ. ಅದನ್ನ ಸುತ್ತಿಕೊಂಡು ಬಂದದ್ದು ಒಂದು ತೆಳ್ಳಗಿನ ಇಂಗ್ಲಿಷ್ ಪುಸ್ತಕ. ಮುಂಬಯಿಯ ಯಾವುದೋ ಆಟಿಗಿ ಸಾಮಾನಿನ ಅಂಗಡಿಯ ಪಟ್ಟಿ. ಪುಟ ಪುಟಕ್ಕೂ ವಿಮಾನದ ಚಿತ್ರ, ಮನಿಯಾಗ ಕುಂತು ಜೋಡಿಸಿ ಹಾರಿಸುವಂಥಾ ಸಣ್ಣ ವಿಮಾನ. ನಾ ಅದನ್ನ ಒಗಿಯಾಕ ಹೋದೆ. ಅಣ್ಣ ನನ್ನ ಮಣಿಕಟ್ಟು ಹಿಡದ. ಮೂರು ವರ್ಷದಾಗ ಅವ ತಾನಾಗಿ ಒಂದು ವಸ್ತು ಬೇಕಂದದ್ದು ಅದ ಮೊದಲು.

ಅವತ್ತಿನಿಂದ ದಿನಾ ಮುಂಜಾನೆ ಅವನ ಮುಂದ ಕುಂತು ಆ ಪುಸ್ತಕ ಓದಿ ಹೇಳೂದು ನನ್ನ ಕೆಲಸ ಆತು. ಜಮಖಂಡಿ ಹೈಸ್ಕೂಲಿನಾಗ ಕಲತ ಇಂಗ್ಲಿಷ್ ಅಷ್ಟಕ್ಕ ಸಾಕಾಗತಿತ್ತು. ಒಂದ ರೆಕ್ಕಿಯವು, ನೀರಿನ ಮ್ಯಾಲ ಇಳಿಯುವಂಥವು, ಎರಡು ರೆಕ್ಕಿಯವು. ಒಂದು ಪುಟದಾಗ ಎರಡು ರೆಕ್ಕಿಯ ದೊಡ್ಡದೊಂದು ಇತ್ತು. ಅದರ ಕೆಳಗ ಬರೆದದ್ದನ್ನ ಓದಿ ನನಗ ನಗಿ ಬಂತು. "ಯಣ್ಣಾ, ಇದು ರೇಡಿಯೋದ ಮ್ಯಾಲ ನಡೀತೈತಂತ! ನೆಲದ ಮ್ಯಾಲ ಒಬ್ಬ ಡಬ್ಬಿ ಹಿಡಕೊಂಡು ನಿಂತರ ಮ್ಯಾಲ ವಿಮಾನ ಅವ ಹೇಳಿದ ಕಡೆ ಹೊಳ್ಳತೈತಂತ. ತಂತಿ ಇಲ್ಲ, ಹಗ್ಗ ಇಲ್ಲ. ಒಳಗ ಮನಷ್ಯಾನ ಬೇಕಾಗಿಲ್ಲಂತ!"

ಅಣ್ಣ ಆ ಚಿತ್ರದ ಮ್ಯಾಲ ಬೆರಳಿಟ್ಟ. ತಗೀಲಿಲ್ಲ.

ಬೆರಳಿಟ್ಟಾನ! ನಾ ಅವ್ವನ್ನ ಕೂಗಿದೆ. ಆಕಿ ಹಿಟ್ಟಿನ ಕೈಲೆ ಓಡಿಬಂದು ಆ ಬೆರಳು ನೋಡಿ ಅಳಾಕ ಹತ್ತಿದಳು. ನಾ ಅವತ್ತ ಜಮಖಂಡಿ ಬಸ್ಸು ಹತ್ತಿದೆ. ಅಲ್ಲಿ ರೇಡಿಯೋ ರಿಪೇರಿ ಮಾಡಾವ ಒಬ್ಬ ಇದ್ದ. ಅವ ಪುಟ ನೋಡಿ ಹೊಟ್ಟಿ ಹಿಡಕೊಂಡು ನಕ್ಕ. "ಏ ಹುಚ್ಚಪ್ಪಾ, ಮನ್ಯಾಗ ಕುಂತು ರೇಡಿಯೋ ಕೇಳಾಕನ ಸರಕಾರದ ಲೈಸೆನ್ಸ್ ಬೇಕು. ಇನ್ನ ನೀ ಆಕಾಶಕ್ಕ ಹುಕುಂ ಕಳಸತೇನಿ ಅಂದ್ರ ಪೊಲೀಸರು ಬಂದು ಒಯ್ತಾರು. ಅದೂ ಅಲ್ದ ಇದರ ಬ್ಯಾಟರಿ ನಿನಗ ಎಲ್ಲಿ ಸಿಗಬೇಕೋ?" ಅಂದ. ನಾ ಕಾಲು ಹಿಡಿಯೂದೊಂದು ಬಾಕಿ. ಪಾಪ, ಅವ ಕಡೀಕ ನಗೂದು ಬಿಟ್ಟು ಚಹಾ ತರಿಸಿದ. "ರಬ್ಬರ್ ಹುರಿ ಮ್ಯಾಲ ಹಾರೂದು ತರಸು ತಮ್ಮಾ, ಅದೂ ವಿಮಾನನ," ಅಂದ.

ಪುಸ್ತಕದಾಗ ಅಂಥಾದೂ ಇತ್ತು. ಅದಕ್ಕೂ ಎರಡು ರೆಕ್ಕಿ, ನೋಡಾಕ ಅಣ್ಣ ತೋರಿಸಿದ್ದರ ತಮ್ಮನಂಗ ಇತ್ತು. ಮೂಗಿನ ಪಂಕಾ ತಿರುವಿ ಹೊಟ್ಟಿಯೊಳಗಿನ ರಬ್ಬರ್ ಹುರಿ ಮಾಡಿ ಬಿಟ್ಟರ ಹಾರತೈತಿ. ಚಿತ್ರದಾಗ ಅದರ ನಡುವ, ಹಾರಿಸಾವ ಕುಂಡರೂ ಕುಣಿಯೊಳಗ ಕನ್ನಡಕದ ಒಂದು ಪುಟ್ಟ ತಲಿ ಕಾಣತಿತ್ತು. "ಇದು ಛಲೋ ಐತಿ ನೋಡ್ ಯಣ್ಣಾ," ಅಂತ ತೋರಿಸಿದೆ. ಅಣ್ಣ ಪುಟ ತಿರುವಿ ಮತ್ತ ರೇಡಿಯೋದ ವಿಮಾನಕ್ಕ ಬೆರಳಿಟ್ಟ. ಮತ್ತ ತೋರಿಸಿದೆ. ಮತ್ತ ಅಲ್ಲೇ ಬೆರಳು. ನನಗ ತಲಿ ಕೆಟ್ಟಿತು. "ಅದು ಆಗೂದಿಲ್ಲೋ ಮಾರಾಯಾ! ನನ್ನ ಮಾರಿದರೂ ಅದು ಬರೂದಿಲ್ಲ!" ಅಂತ ಒದರಿದೆ. ಅಣ್ಣ ಬೆರಳು ತಗದು ಗ್ವಾಡಿ ಕಡೆ ಮಾರಿ ಮಾಡಿದ. ಅವಗ ತುಟ್ಟಿದ ಬೇಕಾಗೇತಿ, ಹಟಾ ಮಾಡಾಕತ್ತಾನ ಅಂತ ನಾ ತಿಳಕೊಂಡೆ. ರಬ್ಬರಿನದಕ್ಕ ಆ ಅಂಗಡಿಗೆ ಪತ್ರ ಹಾಕಿದೆ.

ಸಂಕ್ರಮಣಕ್ಕ ಹದಿನೈದು ದಿನ ಇದ್ದಾಗ ಪಾರ್ಸಲ್ ಬಂತು. ಬೆಂಡಿನಷ್ಟು ಹಗುರ ಕಟ್ಟಿಗಿ ಕಡ್ಡಿ, ಹಾಳಿ ಮ್ಯಾಲ ಬರದ ನಕಾಶಿ, ಪಂಕಾ, ರಬ್ಬರು. ಡೋಪಿನ ಶೀಸೆ ಹಾದಿಯಾಗ ಒಡದು ರೆಕ್ಕಿಯ ಕಾಗದ ಎಲ್ಲಾ ಒಂದಕ್ಕೊಂದು ಅಂಟಿ ಮುದ್ದಿ ಆಗಿತ್ತು. ಪೆಟಿಗಿ ತಗದ ಕೂಡಲೆ ಆ ವಾಸನಿ ಮನಿ ತುಂಬಿತು. ಅಣ್ಣ ಎದ್ದು ಬಂದ. ತಾನಾಗಿ ಎದ್ದು, ನಡಕೊಂಡು ಬಂದು, ನನ್ನ ಮಗ್ಗುಲ ಕುಂತ. ಅವ್ವ ಬಾಗಲಾ ಹಿಡಕೊಂಡು ನಿಂತು ನೋಡಿದಳು.

ಹತ್ತು ದಿನ ಕಡ್ಡಿ ಕೊಯ್ದು ಹಂದರ ಕಟ್ಟಿದೆ. ಅಣ್ಣ ದಿನಾ ಬಂದು ಕುಂಡರತಿದ್ದ. ಒಮ್ಮೆ ಸೊಟ್ಟ ಇಟ್ಟ ಕಡ್ಡಿಯನ್ನ ಬೆರಳಿಂದ ನೆಟ್ಟಗ ಮಾಡಿದ. ನನಗ ಆಸೆ ಏರಿತು, ಏರಿ ಏರಿ ಹುಚ್ಚ ಹಿಡದಂಗ ಆತು. ಇನ್ನೇನು ಇವತ್ತ ಮಾತಾಡತಾನ, ನಾಳಿ ಮಾತಾಡತಾನ! ಕಾಗದ ಹೋದರ ಹೋಗಲಿ, ಮನಿಯಾಗ ಮಗ್ಗ ಇಟಗೊಂಡು ಕಾಗದ ಯಾಕ ಅಂತ ತೆಳ್ಳನ್ನ ರೇಷ್ಮಿ ಅರಿವಿ ಅಳತಿಗೆ ಕತ್ತರಿಸಿ ಎಡಕ್ಕೆರಡು ಬಲಕ್ಕೆರಡು, ನಾಲ್ಕೂ ರೆಕ್ಕಿಗೆ ಹೊಚ್ಚಿದೆ. ಕುಣಿಯೊಳಗಿನ ಪುಟ್ಟ ಮನಷ್ಯಾ ಪೆಟಿಗಿಯಾಗ ಬಂದಿರಲಿಲ್ಲ. ಖಾಲಿ ಬಿಟ್ಟರ ಚಂದ ಕಾಣೂದಿಲ್ಲ ಅಂತ ನೂಲು ಸುತ್ತಿ ಗೊಂಬಿ ಮಾಡಿದೆ, ಕೆಂಪ ನೂಲಿನ ಪಟಗಾ ಸುತ್ತಿದೆ, ಒಳಗ ಕುಂಡರಿಸಿದೆ. ಅಣ್ಣ ಅವತ್ತ ಬೇಗ ಎದ್ದು ಹೋದ. ಯಾಕಂತ ಕೇಳಲಿಲ್ಲ ನಾ.

ಮರದಿನ ಗಂಜಿ ಕಾಸಿದೆ. ಡೋಪ್ ಇಲ್ಲಂದ್ರೇನಾತು? ಬಟ್ಟಿ ಬಿಗಿ ಮಾಡಾಕ ನಮಗ ಮುಂಬಯಿ ಎಣ್ಣಿ ಬೇಕೇನು? ಕುಂಚ ಅದ್ದಿ ರೆಕ್ಕಿ ಮ್ಯಾಲ ಇಟ್ಟೆ.

"ಗಂಜಿ ಬ್ಯಾಡ."

ಯಾರಂದ್ರು ಅಂತ ತಿರುಗಿ ನೋಡಿದೆ. ಬಾಗಲದಾಗ ಅಣ್ಣ. ದನಿ ಬಾವಿ ತಳದಿಂದ ಬಂದಂಗ ಇತ್ತು. "ಗಂಜಿ ಬ್ಯಾಡ. ನೀರ ಕುಡೀತೈತಿ."

ಮೂರು ವರ್ಷದಿಂದ ಯಾವ ದನಿ ಸಲುವಾಗಿ ದೇವರ ಮುಂದ ಉರುಳಿದ್ದಿವೋ ಆ ದನಿ. ನಾ ಎದ್ದು ಅವನ್ನ ತಬ್ಬಿಕೋಬೇಕಾಗಿತ್ತು. ನಾ ಏನು ಮಾಡಿದೆ? ನೇಕಾರನ ಮಗಗ ಗಂಜಿ ಸಲುವಾಗಿ ಬುದ್ಧಿ ಹೇಳಿದನಲ್ಲ, ಅದಷ್ಟ ನನ್ನ ಕಿವಿಗೆ ಬಿತ್ತು. ಹತ್ತು ದಿನದ ದಣಿವು, ಮಾವನ ಗಡುವು, ಎಲ್ಲಾ ಒಮ್ಮಿಗೆ ನೆತ್ತಿಗೇರಿತು. "ನೀ ಹೊಲದದ್ದು ಬಿತ್ತಲ್ಲ, ಅದಕ್ಕೇನ ಗಂಜಿ ಹಾಕಿದ್ಯಾ?" ಅಂದೆ.

ಅಂದುಬಿಟ್ಟೆ. ಶಿವನ, ನನ್ನ ನಾಲಿಗಿ ಆಗ ಬಿದ್ದ ಹೋಗಬಾರದಾಗಿತ್ತೇನು?

ಅಣ್ಣ ತಿರುಗಿ ಹೋಗಿ ಕಟ್ಟಿ ಮ್ಯಾಲ ಕುಂತ. ಕಾಲು ಹಿಡಕೊಂಡು ಅತ್ತು, ತಪ್ಪಾತು ಅಂದೆ. ಅವ ಓಣಿ ನೋಡಕೋತ ಕುಂತಬಿಟ್ಟ. ಅವ್ವ ಕೆರಿಗೆ ನೀರು ತರಾಕ ಹೋಗಿದ್ದಳು. ಆಕಿಗೆ ನಾ ಹೇಳಲಿಲ್ಲ. ಹೆಂಗ ಹೇಳಲಿ, ನಿನ್ನ ಮಗ ಮಾತಾಡಿದ, ನಾ ಬಾಯಿ ಮುಚ್ಚಿಸಿದೆ ಅಂತ? ಅಷ್ಟಾದರೂ ಗಂಜಿ ಹಾಕೂದು ಬಿಡಲಿಲ್ಲ. ಬ್ಯಾರೆ ದಾರಿ ಇರಲಿಲ್ಲ, ಡೋಪ್ ತರಿಸಾಕ ದಿನ ಉಳಿದಿರಲಿಲ್ಲ. ಬಿಸಿಲಿಗೆ ಇಟ್ಟ ರೆಕ್ಕಿ ಒಣಗಿ ಬಿಗಿದು ಢಂ ಅಂದಾಗ ಇನ್ನ ಇದು ಹಾರಿದರ ಸಾಕು, ಹಾರೂದನ್ನ ನೋಡಿದರ ಅಣ್ಣ ನನಗ ಮಾಫಿ ಮಾಡತಾನ ಅಂತ ಅದೊಂದನ್ನ ಹಿಡಕೊಂಡು ಕುಂತೆ.

ಸಂಕ್ರಮಣಕ್ಕ ನಮ್ಮಲ್ಲಿ ಎಲ್ಲಾರೂ ಕೃಷ್ಣಾ ಹೊಳಿಗೆ ಹೋಗಿ, ಎಳ್ಳು ಹಚ್ಚಿ ಮಿಂದು, ದಂಡಿ ಮ್ಯಾಲ ಉಂಡು ಬರತಾರು. ಮಾವ ಹಿಂದಿನ ದಿನನ ಬಂದಿದ್ದ. ನಸಿಕಿನಾಗ ಬಂಡಿ ಹೂಡಿದಿವಿ. ಸಜ್ಜಿ ರೊಟ್ಟಿ ಬುಟ್ಟಿ ಅವ್ವನ ತೊಡಿ ಮ್ಯಾಲ, ವಿಮಾನ ನನ್ನ ತೊಡಿ ಮ್ಯಾಲ, ನಡಬರಕ ಅಣ್ಣ. ಅವನ ಅರಿವಿ ಗಂಟೂ ಬಂಡಿಯಾಗ ಇತ್ತು. ಹೊಳಿಯಿಂದ ಹಂಗ ಧಾರವಾಡಕ್ಕ ಹೋಗೂದಂತ ಮಾವ ಕಟ್ಟಿಸಿದ್ದ.

ಹೊಳಿ ಮ್ಯಾಲ ಮಂಜು ಬಿದ್ದಿತ್ತು. ಈ ದಂಡಿಯಿಂದ ಆ ದಂಡಿ ಕಾಣವಲ್ದು. ಎಲ್ಲಾರ ಮೀಸಿ, ಕಂಬಳಿ, ಎತ್ತಿನ ಬೆನ್ನು, ಎಲ್ಲಾ ಒದ್ದಿ. ನಾ ರೆಕ್ಕಿ ಮುಟ್ಟಿ ನೋಡಿದೆ. ಬೆರಳು ತಗ್ಗಿಗೆ ಹೋತು. ಬೆಣ್ಣಿ ಮುಟ್ಟಿದಂಗ ಬಟ್ಟಿ ಸಡ್ಲ ಆಗಿತ್ತು, ಗಂಜಿ ಮತ್ತ ಅಂಟ ಆಗಿತ್ತು. ಬಿಸಿಲು ಬರೂತನಾ ನಿಂದ್ರೂಣ ಅಂದೆ. ಮಾವ ಬಸ್ಸಿನ ಹೊತ್ತು ಆತು ಅಂದ. "ಅದೇನ ಹಾರಸತಿ ಹಾರಿಸಿಬಿಡ."

ಹುರಿ ಮಾಡಿ ಬಿಟ್ಟೆ. ಖರೆ ಹಾರಿತು! ಹತ್ತು ಮಾರು ಹಾರಿತು, ಮಳಲಿನ ಮ್ಯಾಲ ಆಳೆತ್ತರ ಏರಿತು. ಅವ್ವ "ಅಯ್ಯ ಶಿವನ" ಅಂದಳು. ಆಮ್ಯಾಲ ಎಡಗಡೆ ಮ್ಯಾಲಿನ ರೆಕ್ಕಿ ಬಟ್ಟಿ ಪಟಾಪಟಾ ಬಡಕೋತ ಕಿತ್ತು ಬಂತು, ವಿಮಾನ ಹೊಳ್ಳಿ ಮೂಗ ಮುಂದ ಮಾಡಿ ಬಿತ್ತು.

ನಾ ಅಲ್ಲೇ ಕುಸದೆ. ಅಣ್ಣ ನನ್ನ ದಾಟಿ ಓಡಿದ. ಅವ ಓಡಿದ್ದನ್ನ ನಾ ನೋಡಿ ಎಷ್ಟೋ ವರ್ಷ ಆಗಿತ್ತು. ಮಳಲಾಗ ಮೊಣಕಾಲೂರಿ, ಮುರಿದ ಕಡ್ಡಿ ಸರಿಸಿ, ಆ ನೂಲಿನ ಗೊಂಬಿ ಹೊರಗ ತಗದ. ಅದರ ಕುತ್ತಿಗಿ ಡೊಂಕಾಗಿತ್ತು. ಹೆಬ್ಬೆರಳಿಂದ ಅದರ ಮಾರಿ ಮ್ಯಾಲಿನ ಮಳಲು ಒರಸಿದ. ನಾವು ಮೂವರೂ ಹತ್ರ ಹೋದಿವಿ.

"ಇವನ್ನ ಯಾಕ ಕುಂಡರಿಸಿದ್ಯೋ?" ಅಂದ ಅಣ್ಣ ನನಗ. ಅಳಾಕತ್ತಿದ್ದ. "ಒಳಗ ಯಾರೂ ಕುಂಡರೂದಿಲ್ಲ ಅಂತ ನಾ ಆ ರೇಡಿಯೋದ್ದನ್ನ ತೋರಿಸಿದ್ದೆ. ಎಷ್ಟ ಸಲ ತೋರಿಸಿದೆ ನಿನಗ!"

ಅವ್ವ ಅವನ ಕೊರಳಿಗೆ ಬಿದ್ದಳು. ಮಾವ ನನ್ನ ಮಗ್ಗುಲಿಗೆ ಕರದು, "ಗೊಂಬಿ ಸಲುವಾಗಿ ಅಳಾಕತ್ತಾನಲ್ಲೋ. ಪೂರಾ ಹೋಗೇತಿ ಇವನ ತಲಿ," ಅಂದ. ಆಗ ನನ್ನ ಬಾಯಿ ತೆರೀತು. ಬೆರಳಿಟ್ಟದ್ದು, ರೇಡಿಯೋದ ವಿಮಾನ, ಗಂಜಿ ಬ್ಯಾಡಂದದ್ದು, ನಾ ಅಂದ ಹಲಕಟ್ ಮಾತು, ಅವ್ವನ ಮುಂದನ ಒಂದೂ ಬಿಡದಂಗ ಹೇಳಿದೆ. "ಅವನ ತಲಿ ಸರಿ ಐತ್ರಿ ಮಾವಾ, ಕೆಟ್ಟದ್ದು ನಂದು," ಅಂದೆ. ಅವ್ವ ನನ್ನ ಕಡೆ ನೋಡಿದ ನೋಟ ಇರಲಿ, ಅದನ್ನ ನಾ ಬರಿಯಾಂಗಿಲ್ಲ.

ಮಾವ ಕಡೀಕ ಬಂಡಿಯಿಂದ ಅಣ್ಣನ ಗಂಟು ತಗದು ಬಿಚ್ಚಿ, ಒಳಗಿನ ಕಂಬಳಿ ಅವಗ ಹೊಚ್ಚಿದ. "ಉಂಡು ಮನಿಗೆ ಹೋಗೂಣು," ಅಂದ.

ತಿರುಗಿ ಬರುವಾಗ ಅಣ್ಣ ಗೊಂಬಿಯನ್ನ ಮುಟಿಗಿಯಾಗ ಹಿಡಕೊಂಡು ಕುಂತಿದ್ದ. ಮತ್ತ ಬಾಯಿ ಮುಚ್ಚಿದ್ದ. ತೇರದಾಳದ ಹಾದಿ ದಾಟೂತನಾ ನನಗ ಮಾತಾಡಾಕ ಧೈರ್ಯ ಬರಲಿಲ್ಲ. ಆಮ್ಯಾಲ ಮೆಲ್ಲಕ, "ನೀ ಹೇಳಿದ್ದು ಖರೆ ಯಣ್ಣಾ. ಗಂಜಿ ನೀರ ಕುಡೀತು," ಅಂದೆ.

ಬಂಡಿ ಭಾಳ ದೂರ ಹೋತು.

"ಕುಡೀತೈತಿ," ಅಂದ ಅಣ್ಣ.